ಡಾನ್ ಕ್ರಾಸ್ಬಿಯ ದನಿ: 1986ರ ಒಂದು ಮೆಟಲ್ ಆಲ್ಬಮ್ ಬಗ್ಗೆ

(ಸಂಗೀತ ಕೇಳುವ ಗೆಳೆಯರ ಕೂಟದಲ್ಲಿ ಆಡಿದ ಮಾತಿನ ಬರಹ ರೂಪ. ಅಲ್ಲಿ ನಡುನಡುವೆ ಹಾಡು ಹಾಕಿದ್ದೆ. ಇಲ್ಲಿ ಹಾಕೋಕೆ ಆಗಲ್ಲ, ಹಾಗಾಗಿ ಕೆಲವು ಕಡೆ ಮಾತು ಸ್ವಲ್ಪ ಬೆಳೆಸಿದ್ದೇನೆ.)

ಎಲ್ಲರಿಗೂ ನಮಸ್ಕಾರ. ನೇರವಾಗಿ ವಿಷಯಕ್ಕೆ ಬರುತ್ತೇನೆ. ಆಲ್ಬಮ್ ಹೆಸರು 'ರೆಕಗ್ನೈಸ್ ನೋ ಅಥಾರಿಟಿ'. ಬ್ಯಾಂಡ್ ಹೆಸರು ಡೇಟಾಂಟ್. ಊರು ಅಮೆರಿಕದ ಲಾಸ್ ಏಂಜಲಿಸ್, ವರ್ಷ 1986. ಒಟ್ಟು ಹತ್ತು ಹಾಡು. ಹಾಡಿದ್ದು ಡಾನ್ ಕ್ರಾಸ್ಬಿ. ಗಿಟಾರ್ ಕೇಲೆಬ್ ಕ್ವಿನ್ ಮತ್ತು ರಾಸ್ ರಾಬಿನ್ಸನ್, ಬೇಸ್ ಸ್ಟೀವ್ ಹಾಖೈಸರ್, ಡ್ರಮ್ಸ್ ಡೆನಿಸ್ ಬಟ್ಲರ್. ಈ ಐದು ಜನ ಸೇರಿ ಮಾಡಿದ್ದು ಈ ಒಂದೇ ಆಲ್ಬಮ್. ಎರಡನೆಯದು ಬರುವ ಮೊದಲೇ ಗುಂಪು ಒಡೆಯಿತು.

ಇದನ್ನು ಯಾರಾದರೂ ನೆನಪಿಸಿಕೊಂಡರೆ ಎರಡೇ ಕಾರಣಕ್ಕೆ. ಒಂದು, ಹಾಡಿದವಳು ಹೆಣ್ಣು. ಇನ್ನೊಂದು, ಗಿಟಾರ್ ನುಡಿಸಿದ ಹುಡುಗರಲ್ಲಿ ಒಬ್ಬ ಮುಂದೆ ದೊಡ್ಡ ಹೆಸರಿನ ಪ್ರೊಡ್ಯೂಸರ್, ಅಂದರೆ ಸ್ಟುಡಿಯೋದಲ್ಲಿ ಬ್ಯಾಂಡುಗಳಿಂದ ಆಲ್ಬಮ್ ಮಾಡಿಸುವವನು, ಆದ. ಎರಡೂ ನಿಜ. ಆದರೆ ಅಷ್ಟಕ್ಕೇ ಈ ಆಲ್ಬಮ್ ಅನ್ನು ನೆನಪಿಟ್ಟುಕೊಂಡರೆ ಇದನ್ನು ಕೇಳಿದ ಹಾಗೇ ಆಗಲಿಲ್ಲ. ಆ ಕಾಲದ ಥ್ರ್ಯಾಶ್ ಅನ್ನೋ ಅತಿ ವೇಗದ ಮೆಟಲ್‌ನಲ್ಲಿ ಎಲ್ಲವೂ ಗಿಟಾರ್‌ನ ಸುತ್ತ ತಿರುಗುತ್ತಿತ್ತು, ದನಿ ಅದರ ಮೇಲೆ ಹೊದಿಸಿದ ಬಟ್ಟೆಯ ಹಾಗೆ ಇರುತ್ತಿತ್ತು. ಇಲ್ಲಿ ದನಿಯೇ ಹಾಡನ್ನು ಎಳೆದುಕೊಂಡು ಹೋಗುತ್ತದೆ. ಅದನ್ನು ತೋರಿಸೋದೇ ಇವತ್ತು ನನ್ನ ಕೆಲಸ.

ಮೊದಲು ಆ ಕಾಲ ಹೇಗಿತ್ತು ನೋಡೋಣ. 1986 ಅಂದರೆ ಥ್ರ್ಯಾಶ್ ಮೆಟಲ್‌ಗೆ ಸುಗ್ಗಿಯ ವರ್ಷ. ಮಾರ್ಚ್‌ನಲ್ಲಿ ಮೆಟಾಲಿಕಾದ 'ಮಾಸ್ಟರ್ ಆಫ್ ಪಪೆಟ್ಸ್' ಬಂತು. ಅಕ್ಟೋಬರ್‌ನಲ್ಲಿ ಸ್ಲೇಯರ್‌ನ 'ರೈನ್ ಇನ್ ಬ್ಲಡ್' ಬಂತು. ಮೆಗಾಡೆತ್, ಡಾರ್ಕ್ ಏಂಜೆಲ್, ಜರ್ಮನಿಯ ಕ್ರಿಯೇಟರ್, ಎಲ್ಲರ ಒಂದೊಂದು ಮುಖ್ಯ ಆಲ್ಬಮ್ ಅದೇ ವರ್ಷದ್ದು. ಇಷ್ಟು ದೊಡ್ಡ ಜಾತ್ರೆಯಲ್ಲಿ ಒಂದು ಹೊಸ ಬ್ಯಾಂಡಿನ ಮೊದಲ ಆಲ್ಬಮ್ ಯಾರ ಕಣ್ಣಿಗೆ ಬೀಳಬೇಕು ಹೇಳಿ? ಅಂಗಡಿಗೆ ಹೋದ ಹುಡುಗನ ಜೇಬಿನಲ್ಲಿ ಒಂದು ಎಲ್‌ಪಿಗೆ ಸಾಕಾಗುವಷ್ಟು ದುಡ್ಡಿದ್ದರೆ ಅವನು ಸ್ಲೇಯರ್ ತಗೊಳ್ಳುತ್ತಿದ್ದ. ನಾನಾಗಿದ್ದರೂ ಅದನ್ನೇ ಮಾಡುತ್ತಿದ್ದೆ.

ಲಾಸ್ ಏಂಜಲಿಸ್‌ನ ಕಥೆಯೇ ಬೇರೆ. ಆ ಊರಿನ ಸನ್‌ಸೆಟ್ ಸ್ಟ್ರಿಪ್ ಅನ್ನೋ ರಸ್ತೆಯ ಕ್ಲಬ್ಬುಗಳಲ್ಲಿ ಆಗ ಗ್ಲಾಮ್ ಬ್ಯಾಂಡುಗಳದೇ ರಾಜ್ಯ. ಮಾಟ್ಲಿ ಕ್ರೂ, ರ‍್ಯಾಟ್, ಪಾಯ್ಸನ್. ಗಂಡಸರೇ ಲಿಪ್‌ಸ್ಟಿಕ್ ಹಚ್ಚಿ, ಕೂದಲಿಗೆ ಸ್ಪ್ರೇ ಹೊಡೆದು ನಿಲ್ಲುತ್ತಿದ್ದರು. ಅವರ ವಿಡಿಯೋಗಳಲ್ಲಿ ಹೆಂಗಸರು ಇರುತ್ತಿದ್ದರು, ಆದರೆ ಕಾರಿನ ಮೇಲೆ ಮಲಗಿಕೊಳ್ಳೋಕೆ. ಬ್ಯಾಂಡಿನಲ್ಲಿ ಹೆಂಗಸರು ಇದ್ದರೂ ಅವರನ್ನು ಮಾರುತ್ತಿದ್ದ ರೀತಿ ಹೆಚ್ಚುಕಡಿಮೆ ಅದೇ. ಅದೇ ಊರಿನ ಇನ್ನೊಂದು ಮೂಲೆಯಲ್ಲಿ ಜೀನ್ಸು, ಟೀ ಶರ್ಟು ಹಾಕಿಕೊಂಡು ಎಷ್ಟು ವೇಗವಾಗಿ ಆಗುತ್ತೋ ಅಷ್ಟು ವೇಗವಾಗಿ ನುಡಿಸುವ ಹುಡುಗರಿದ್ದರು. ಡೇಟಾಂಟ್ ಈ ಎರಡನೇ ಮೂಲೆಯದು.

ಆಲ್ಬಮ್ ಹೊರತಂದದ್ದು ಮೆಟಲ್ ಬ್ಲೇಡ್. ಯುರೋಪಿನಲ್ಲಿ ರೋಡ್‌ರನ್ನರ್. ಮೆಟಲ್ ಬ್ಲೇಡ್ ಬಗ್ಗೆ ಒಂದು ಮಾತು ಹೇಳಲೇಬೇಕು, ಯಾಕಂದ್ರೆ ನಿಮ್ಮಲ್ಲಿ ಹಲವರು 2011ರಲ್ಲಿ ಬೆಂಗಳೂರಿನ ಪ್ಯಾಲೆಸ್ ಗ್ರೌಂಡ್ಸ್‌ನಲ್ಲಿ ಮೆಟಾಲಿಕಾ ನೋಡೋಕೆ ಹೋದವರು. ಆ ಮೆಟಾಲಿಕಾದ ಹಾಡು ಮೊಟ್ಟಮೊದಲು ಡಿಸ್ಕಿನ ಮೇಲೆ ಬಂದದ್ದು 1982ರಲ್ಲಿ. ಬ್ರಯನ್ ಸ್ಲೇಗಲ್ ಅನ್ನೋ ಮೆಟಲ್ ಹುಚ್ಚಿನ ಯುವಕ ಊರಿನ ಸಣ್ಣಪುಟ್ಟ ಬ್ಯಾಂಡುಗಳನ್ನು ಒಟ್ಟುಮಾಡಿ ತಂದ 'ಮೆಟಲ್ ಮ್ಯಾಸಕರ್' ಅನ್ನೋ ಸಂಕಲನದಲ್ಲಿ. ಮೆಟಲ್ ಬ್ಲೇಡ್ ಕಂಪನಿ ಹುಟ್ಟಿದ್ದೇ ಅಲ್ಲಿಂದ. ಅಂದರೆ ಡೇಟಾಂಟ್‌ಗೆ ಬೆಂಬಲ ಕೊಟ್ಟವರು ಈ ಸಂಗೀತ ಗೊತ್ತಿಲ್ಲದವರಲ್ಲ. ಆದರೆ ದೊಡ್ಡ ಕಂಪನಿಯ ದುಡ್ಡು, ಜಾಹೀರಾತು ಅಲ್ಲಿ ಇರಲಿಲ್ಲ.

ಪ್ರೊಡ್ಯೂಸರ್ ಯಾರು ಗೊತ್ತಾ? ಡೇನಾ ಸ್ಟ್ರಮ್. ವಿನ್ನಿ ವಿನ್ಸೆಂಟ್ ಇನ್ವೇಷನ್, ಆಮೇಲೆ ಸ್ಲಾಟರ್, ಈ ಗ್ಲಾಮ್ ಬ್ಯಾಂಡುಗಳ ಬೇಸ್ ವಾದಕ. ನನಗಿದು ತುಂಬಾ ಇಷ್ಟವಾದ ಸಂಗತಿ. ಹೊರಗಿನಿಂದ ನೋಡಿದರೆ ಆ ಊರಿನಲ್ಲಿ ಗ್ಲಾಮ್‌ನವರು, ಥ್ರ್ಯಾಶ್‌ನವರು ಎಣ್ಣೆ ಸೀಗೆಕಾಯಿ. ಸ್ಟುಡಿಯೋದೊಳಗೆ ಹೋದರೆ ಕೆಲಸ ಗೊತ್ತಿದ್ದವರು ಕೆಲಸ ಗೊತ್ತಿದ್ದವರ ಜೊತೆ ಕೂರುತ್ತಿದ್ದರು, ಅಷ್ಟೇ.

ಆಲ್ಬಮ್‌ನ ಹೆಸರಿನ ಹಿಂದೆಯೂ ಒಂದು ಹವಾ ಇದೆ. ಹಿಂದಿನ ವರ್ಷ, 1985ರಲ್ಲಿ, ವಾಷಿಂಗ್ಟನ್‌ನ ಪ್ರಭಾವಿ ರಾಜಕಾರಣಿಗಳ ಹೆಂಡತಿಯರು ಸೇರಿ ಪಿಎಂಆರ್‌ಸಿ ಅನ್ನೋ ಸಂಘ ಕಟ್ಟಿದ್ದರು. ಅದರಲ್ಲಿ ಎದ್ದು ಕಾಣುತ್ತಿದ್ದವರು ಟಿಪ್ಪರ್ ಗೋರ್. ಮಕ್ಕಳನ್ನು ಹಾಳುಮಾಡುವ ಹಾಡುಗಳಿಗೆ ಎಚ್ಚರಿಕೆಯ ಚೀಟಿ ಅಂಟಿಸಬೇಕು ಅನ್ನೋದು ಅವರ ಒತ್ತಾಯ. ಸೆಪ್ಟೆಂಬರ್‌ನಲ್ಲಿ ಸೆನೆಟ್ ಸಮಿತಿಯ ಮುಂದೆ ವಿಚಾರಣೆಯೇ ನಡೆಯಿತು. ಅವರು ಮಾಡಿದ ಹದಿನೈದು ಹಾಡುಗಳ ಪಟ್ಟಿಯಲ್ಲಿ ಹೆವಿ ಮೆಟಲ್‌ನವೇ ಜಾಸ್ತಿ. ಹೀಗೆ ಮೆಟಲ್ ಅಂದರೆ ಪೊಲೀಸ್ ಕೇಸ್ ಅನ್ನೋ ಥರ ನೋಡುತ್ತಿದ್ದ ದಿನಗಳಲ್ಲಿ 'ಯಾವ ಅಧಿಕಾರವನ್ನೂ ಮಾನ್ಯ ಮಾಡಬೇಡ' ಅಂತ ಮುಖಪುಟದಲ್ಲೇ ಬರೆದುಕೊಂಡು ಬಂದ ಆಲ್ಬಮ್ ಇದು.

ಒಳಗಿನ ಹಾಡುಗಳ ಹೆಸರು ನೋಡಿ. 'ಲೂಸರ್ಸ್', 'ರಷ್ಯನ್ ರೂಲೆ', 'ಹೋಲಿ ವಾರ್', 'ಕ್ಯಾಟಲೆಪ್ಸಿ', 'ಶ್ಯಾಟರ್ಡ್ ಇಲ್ಯೂಷನ್ಸ್', 'ಲೈಫ್ ಈಸ್ ಪೇನ್', 'ಬ್ಲಡ್ ಐ ಬ್ಲೀಡ್'. ಯುದ್ಧ, ಧರ್ಮ, ಸಾವು, ನೋವು. ಪ್ರೀತಿ ಪ್ರೇಮದ ಹಾಡು ಇಲ್ಲ. 'ನಾನು ಹುಡುಗಿ, ಆದರೂ ನೋಡಿ ಎಷ್ಟು ಗಟ್ಟಿ' ಅಂತ ಎದೆ ತಟ್ಟಿಕೊಳ್ಳುವ ಹಾಡೂ ಇಲ್ಲ. ಅದು ನನಗೆ ಮುಖ್ಯ ಅನಿಸುತ್ತದೆ. ಡಾನ್ ತಾನು ಹೆಣ್ಣು ಅನ್ನೋದನ್ನು ಮುಚ್ಚಿಡಲಿಲ್ಲ, ಮಾರಲೂ ಇಲ್ಲ. ಹೇಳೋಕೆ ಬೇರೆ ಏನೋ ಇತ್ತು, ಅದನ್ನು ಹೇಳಿದಳು.

ಈಗ ದನಿಗೆ ಬರೋಣ. ಇಲ್ಲಿ ಸ್ವಲ್ಪ ನಿಧಾನ ಮಾಡುತ್ತೇನೆ.

ಆ ಹೊತ್ತಿಗೆ ಮೆಟಲ್‌ನಲ್ಲಿ ಹೆಣ್ಣುಮಕ್ಕಳು ಇರಲೇ ಇಲ್ಲ ಅಂತ ಅಲ್ಲ. ಲಂಡನ್ನಿನ ಗರ್ಲ್‌ಸ್ಕೂಲ್ 1978ರಿಂದ ನುಡಿಸುತ್ತಿತ್ತು. ಜರ್ಮನಿಯ ವಾರ್‌ಲಾಕ್‌ನಲ್ಲಿ ಡೋರೋ ಪೆಶ್ ಇದ್ದಳು. ಷಿಕಾಗೋದ ಸ್ನೋವೈಟ್‌ನಲ್ಲಿ ನಿಕೋಲ್ ಲೀ, ಸ್ಯಾಕ್ರಮೆಂಟೋದ ಸೆಂಟಿನೆಲ್ ಬೀಸ್ಟ್‌ನಲ್ಲಿ ಡೆಬಿ ಗನ್. ಹೋಲಿ ಮೋಸಸ್‌ನ ಸಬೀನಾ ಕ್ಲಾಸೆನ್ ಗಂಟಲಿನ ಆಳದಿಂದ ಗುಡುಗುತ್ತಿದ್ದಳು, ಅವರ ಮೊದಲ ಆಲ್ಬಮ್ ಕೂಡ 1986ರದ್ದೇ. ಇವರೆಲ್ಲರೂ ನನಗೆ ಬೇಕಾದವರು. ಆದರೆ ಹೆಚ್ಚಿನವರ ದಾರಿ ಒಂದೇ. ಸ್ವರ ಮೇಲಿಟ್ಟು, ತೆರೆದ ಗಂಟಲಿನಲ್ಲಿ, ರಾಗವಾಗಿ ಹಾಡೋದು.

ಅದಕ್ಕೊಂದು ಕಾರಣ ಇದೆ. ಗಿಟಾರ್‌ನ ದಪ್ಪ ತಂತಿಯ ಕಂಪನ ಸುಮಾರು 82 ಹರ್ಟ್ಜ್. ಅದಕ್ಕೆ ಡಿಸ್ಟಾರ್ಷನ್ ಹಾಕಿದ, ಅಂದರೆ ಸದ್ದನ್ನು ಬೇಕಂತಲೇ ಒರಟು ಮಾಡಿದ ಕೂಡಲೇ ಆ ಒಂದು ಸ್ವರದ ಮೇಲೆ ಹತ್ತಾರು ಉಪಸ್ವರಗಳು ಎದ್ದು, ಕೆಳಗಿನಿಂದ ಕೆಲವು ಸಾವಿರ ಹರ್ಟ್ಜ್‌ವರೆಗೆ ಜಾಗ ಎಲ್ಲಾ ತುಂಬಿಕೊಳ್ಳುತ್ತದೆ. ಎರಡು ಗಿಟಾರ್ ಇದ್ದರೆ ಕೇಳೋದೇ ಬೇಡ. ಮನುಷ್ಯನ ಮಾತು ಸ್ಪಷ್ಟವಾಗಿ ಕೇಳಿಸುವುದೂ ಅದೇ ಜಾಗದಲ್ಲಿ. ಹಾಗಾಗಿ ಎತ್ತರದ, ಶುದ್ಧ ದನಿ ಆ ಗದ್ದಲದ ಮೇಲೆ ಸುಲಭವಾಗಿ ತೇಲುತ್ತದೆ. ಗಿಟಾರ್ ಅದರ ಪಾಡಿಗೆ ಅದು, ದನಿ ಅದರ ಪಾಡಿಗೆ ಅದು. ಜಗಳ ಇಲ್ಲ.

ಡಾನ್ ಆ ಜಗಳಕ್ಕೆ ಇಳಿಯುತ್ತಾಳೆ. ಆಕೆಯ ದನಿ ಒರಟು. ಮರಳು ಕಾಗದ ಉಜ್ಜಿದ ಹಾಗೆ ಒರಟು. ಮೇಲೆ ತೇಲೋದಿಲ್ಲ, ಗಿಟಾರ್‌ಗಳು ಇರೋ ಜಾಗಕ್ಕೇ ನುಗ್ಗಿ ನನಗೂ ಇಲ್ಲಿ ಜಾಗ ಬಿಡಿ ಅನ್ನುತ್ತದೆ. ಕೂಗು, ಗುರುಗುಟ್ಟುವುದು, ಕಿರುಚುವುದು, ಇದ್ದಕ್ಕಿದ್ದಂತೆ ಮಾತಾಡಿದ ಹಾಗೆ ಹೇಳುವುದು, ಒಂದೇ ಸಾಲಿನೊಳಗೆ ಇವೆಲ್ಲಾ ಬದಲಾಗುತ್ತವೆ. ಥ್ರ್ಯಾಶ್‌ನ ರಿಫ್ ಅಂದರೆ ಅಂಗೈಯಿಂದ ತಂತಿ ಒತ್ತಿಹಿಡಿದು ಬಲಗೈಯಲ್ಲಿ ಪಟಪಟ ಹೊಡೆಯುವುದು. ಅದರ ನಡುವೆ ಹಾಡುಗಾರರಿಗೆ ಉಸಿರಾಡೋಕೂ ಜಾಗ ಇರಲ್ಲ. ತುಂಬಾ ಜನ ಗಾಯಕರು ಆಗ ಪದಗಳನ್ನು ಬೇಗ ಬೇಗ ಉದುರಿಸಿ ಹೇಗೋ ರಿಫ್‌ನ ಹಿಂದೆ ಓಡುತ್ತಾರೆ. ಡಾನ್ ಓಡುವುದಿಲ್ಲ. ವ್ಯಂಜನಗಳನ್ನು ಡ್ರಮ್ ಏಟಿನ ಮೇಲೆ ಇಡುತ್ತಾಳೆ, ಸ್ವರಾಕ್ಷರಗಳನ್ನು ಎಳೆದು ಹರಿದುಹಾಕುತ್ತಾಳೆ. ಆಗ ಬ್ಯಾಂಡ್ ಆಕೆಯ ಹಿಂದೆ ಓಡುತ್ತಿದೆ ಅನಿಸುತ್ತದೆ. ಹೆಡ್‌ಫೋನ್ ಹಾಕಿಕೊಂಡು ಡ್ರಮ್ಸ್ ಮತ್ತು ದನಿ ಎರಡನ್ನು ಮಾತ್ರ ಗಮನಿಸಿ ಕೇಳಿ, ಗೊತ್ತಾಗುತ್ತದೆ.

ನನ್ನ ಕಿವಿಗೆ ಆ ಸಿಟ್ಟು ನಟನೆ ಅನಿಸುವುದಿಲ್ಲ. ಆ ಕಾಲದ ಎಷ್ಟೋ ಮೆಟಲ್ ಗಾಯಕರ ಸಿಟ್ಟು ವೇಷ ಹಾಕಿದ ಸಿಟ್ಟು. ಅದರಲ್ಲೂ ಒಂದು ಸುಖ ಇದೆ, ನಾನು ಇಲ್ಲ ಅನ್ನಲ್ಲ. ರಾಕ್ಷಸ ವೇಷ ಬಂದಾಗ ಮಕ್ಕಳು ಹೆದರಿಕೊಂಡು ಖುಷಿಪಡುತ್ತವಲ್ಲ, ಆ ಸುಖ. ಇಲ್ಲಿ ಅದಲ್ಲ. ಯಾರೋ ನಿಜವಾಗಲೂ ರೋಸಿಹೋಗಿದ್ದಾರೆ, ನೀವು ಪಕ್ಕದ ಕೋಣೆಯಲ್ಲಿ ಕೂತು ಕೇಳಿಸಿಕೊಳ್ಳುತ್ತಿದ್ದೀರಿ.

ಕೂಟದಲ್ಲಿ ಒಬ್ಬರು ಇಲ್ಲೇ ತಡೆದು ಕೇಳಿದರು: 'ಹೆಂಗಸಿನ ದನಿ ಅಂತ ಗೊತ್ತೇ ಆಗಲ್ವಲ್ಲ, ಮತ್ತೆ ಅದರಲ್ಲೇನು ವಿಶೇಷ?' ಒಳ್ಳೆ ಪ್ರಶ್ನೆ. ನಮ್ಮ ಹುಬ್ಬಳ್ಳಿಯ ಗಂಗೂಬಾಯಿ ಹಾನಗಲ್ ಅವರನ್ನು ಬರೀ ರೇಡಿಯೋದಲ್ಲಿ ಕೇಳಿದವರು ಯಾರೋ ಗಂಡಸು ಹಾಡುತ್ತಿದ್ದಾರೆ ಅಂದುಕೊಳ್ಳುತ್ತಿದ್ದರು. ಗಂಟಲಿನ ಚಿಕಿತ್ಸೆ ಆದ ಮೇಲೆ ಅವರ ದನಿ ದಪ್ಪವಾಯಿತು, ಅವರು ಅದನ್ನು ತೆಳ್ಳಗೆ ಮಾಡೋಕೆ ಹೋಗಲಿಲ್ಲ, ಅದರಲ್ಲೇ ಕಿರಾಣಾ ಘರಾಣೆಯ ಅಷ್ಟು ದೊಡ್ಡ ಗಾಯನ ಕಟ್ಟಿದರು. ಗಂಗೂಬಾಯಿಯವರ ಸಂಗೀತಕ್ಕೂ ಡಾನ್‌ಳ ಸಂಗೀತಕ್ಕೂ ಏನೂ ಸಂಬಂಧ ಇಲ್ಲ. ನಮ್ಮ ಕಿವಿಯ ಬಗ್ಗೆ ಮಾತ್ರ ಹೇಳುತ್ತಿದ್ದೇನೆ. ಹೆಣ್ಣಿನ ದನಿ ಇಷ್ಟು ಎತ್ತರದಲ್ಲಿ, ಇಷ್ಟು ನುಣುಪಾಗಿ ಇರಬೇಕು ಅಂತ ಗೆರೆ ಹಾಕಿಟ್ಟವರು ನಾವು. ಡಾನ್ ಹಾಡಿದ್ದು ಗಂಡಸಿನ ದನಿಯ ಅನುಕರಣೆ ಅಲ್ಲ, ಅದು ಆಕೆಯದೇ ದನಿಯ ಇನ್ನೊಂದು ಬದಿ.

ಇನ್ನೊಬ್ಬರು ಹಾಗೆ ಹಾಡಿದರೆ ಗಂಟಲು ಹಾಳಾಗಲ್ವಾ ಅಂದರು. ಆಗಬಹುದು. ನಮ್ಮ ನಿಜವಾದ ಧ್ವನಿತಂತುಗಳ ಸ್ವಲ್ಪ ಮೇಲೆ ಇನ್ನೊಂದು ಜೊತೆ ಮಡಿಕೆಗಳಿವೆ. ಒರಟು ದನಿಯಲ್ಲಿ ಹಾಡುವವರು ಅವುಗಳನ್ನೂ ನಡುಗಿಸುತ್ತಾರೆ. ಹೊಟ್ಟೆಯಿಂದ ಉಸಿರು ಹಿಡಿತದಲ್ಲಿ ಬಂದರೆ ಧ್ವನಿತಂತುಗಳ ಮೇಲೆ ಭಾರ ಕಡಿಮೆ. ಬರೀ ಕುತ್ತಿಗೆ ಬಿಗಿದು ಕಿರುಚಿದರೆ ಗಂಟಲು ಕಟ್ಟುತ್ತದೆ, ಗಂಟುಗಳೂ ಆಗಬಹುದು. ಈಗ ಇದನ್ನು ಹೇಳಿಕೊಡುವ ಮೇಷ್ಟ್ರುಗಳಿದ್ದಾರೆ, ವಿಡಿಯೋಗಳಿವೆ. 1986ರಲ್ಲಿ ಇದಕ್ಕೆ ಪಾಠ ಅಂತ ಹೆಚ್ಚೇನೂ ಇರಲಿಲ್ಲ. ಎಲ್ಲರೂ ತಾವೇ ದಾರಿ ಹುಡುಕಿಕೊಂಡರು.

ಆಲ್ಬಮ್‌ನಲ್ಲಿ ಕೊರತೆ ಇಲ್ಲವಾ? ಇದೆ. ರೆಕಾರ್ಡಿಂಗ್ ತೆಳು. ಡ್ರಮ್ಸ್‌ಗೆ ಇನ್ನೂ ಮೈ ಬೇಕಿತ್ತು. ಹತ್ತರಲ್ಲಿ ಕೆಲವು ಹಾಡು ಒಂದೇ ಅಚ್ಚಿನವು, ಒಂದು ಮುಗಿದು ಇನ್ನೊಂದು ಶುರುವಾದದ್ದು ಮೊದಲ ಸಲ ಕೇಳುವವರಿಗೆ ತಿಳಿಯದೇ ಹೋಗಬಹುದು. 'ಮಾಸ್ಟರ್ ಆಫ್ ಪಪೆಟ್ಸ್'ನಲ್ಲಿ ಇರುವ ಕಟ್ಟಡದ ಜಾಣ್ಮೆ ಇಲ್ಲಿಲ್ಲ. ಪಂಕ್ ಅನ್ನೋ ಸರಳ, ಒರಟು ರಾಕ್‌ನ ಅವಸರ ಜಾಸ್ತಿ. ಆದರೆ ಆ ಅವಸರವನ್ನು ತೆಗೆದು ನುಣುಪು ಮಾಡಿದ್ದರೆ ದನಿಯ ಧಗೆಯೂ ಹೋಗುತ್ತಿತ್ತು. ನನಗೆ ಇದು ಹೀಗಿರುವುದೇ ಸರಿ.

ಈಗ ರಾಸ್ ರಾಬಿನ್ಸನ್ ವಿಷಯ. ಕ್ಯಾಲಿಫೋರ್ನಿಯಾದ ಬಾರ್‌ಸ್ಟೋ ಅನ್ನೋ ಮರುಭೂಮಿ ಊರಿನ ಹುಡುಗ, ಹುಟ್ಟಿದ್ದು 1967ರಲ್ಲಿ. ಅಂದರೆ ಈ ಆಲ್ಬಮ್ ಬಂದಾಗ ಇನ್ನೂ ಇಪ್ಪತ್ತು ತುಂಬಿರಲಿಲ್ಲ. ಮುಂದೆ ಅವನು ಗಿಟಾರ್ ಬದಿಗಿಟ್ಟು ರೆಕಾರ್ಡಿಂಗ್ ಕಡೆ ಹೋದ. 1994ರಲ್ಲಿ ಕಾರ್ನ್‌ನ ಮೊದಲ ಆಲ್ಬಮ್, 1996ರಲ್ಲಿ ಬ್ರೆಜಿಲ್‌ನ ಸೆಪಲ್ಟುರಾದ 'ರೂಟ್ಸ್', 1999ರಲ್ಲಿ ಸ್ಲಿಪ್‌ನಾಟ್ ಬ್ಯಾಂಡಿನ ಅದೇ ಹೆಸರಿನ ಆಲ್ಬಮ್. ಮೂರನ್ನೂ ಮಾಡಿಸಿದವನು ಅವನೇ, ಮೂರೂ ಆದದ್ದು ಮಾಲಿಬು ಬೆಟ್ಟಗಳ ಇಂಡಿಗೋ ರ‍್ಯಾಂಚ್ ಸ್ಟುಡಿಯೋದಲ್ಲಿ. ಮೆಟಲ್ ಕೇಳುವವರ ಒಂದು ಇಡೀ ತಲೆಮಾರಿನ ಕಿವಿಯನ್ನು ಬದಲಿಸಿದ ಕೆಲಸ ಅದು.

ಅವನು ಹೆಸರಾದದ್ದು ಯಾವುದಕ್ಕೆ ಅಂತ ನೋಡಿ. ಗಿಟಾರ್ ಸದ್ದಿಗಿಂತ ಹೆಚ್ಚಾಗಿ, ಹಾಡುವವರಿಂದ ಭಾವನೆ ಹೊರಗೆಳೆಯುವುದಕ್ಕೆ. ಗಾಯಕರನ್ನು ಕೂರಿಸಿಕೊಂಡು, ಈ ಸಾಲು ಯಾಕೆ ಬರೆದೆ, ಯಾರಿಗೆ ಹೇಳುತ್ತಿದ್ದೀಯ ಅಂತ ಕೆದಕುತ್ತಾನೆ. ಕಾರ್ನ್‌ನ ಆ ಆಲ್ಬಮ್‌ನ ಕೊನೆಯ ಹಾಡಿನಲ್ಲಿ ಗಾಯಕ ಜೊನಾಥನ್ ಡೇವಿಸ್ ಹಾಡುತ್ತಾ ಹಾಡುತ್ತಾ ಬಿಕ್ಕಿಬಿಕ್ಕಿ ಅಳುತ್ತಾನೆ. ಅದು ನಿಜವಾದ ಅಳು. ಟೇಪ್ ನಿಲ್ಲಿಸಲಿಲ್ಲ, ಆಮೇಲೆ ಕತ್ತರಿಸಿ ತೆಗೆಯಲೂ ಇಲ್ಲ. ಹಾಗೇ ಆಲ್ಬಮ್‌ನಲ್ಲಿ ಇಟ್ಟರು.

ಇಂಥ ಕಿವಿ ಅವನಿಗೆ ಎಲ್ಲಿಂದ ಬಂತು? ಇದು ನನ್ನ ಊಹೆ, ಊಹೆ ಅಂತಲೇ ತಗೊಳ್ಳಿ. ಹತ್ತೊಂಬತ್ತರ ಆಸುಪಾಸಿನ ಹುಡುಗ ದಿನಾ ರಿಹರ್ಸಲ್‌ನಲ್ಲಿ ಡಾನ್ ಕ್ರಾಸ್ಬಿ ಪಕ್ಕದಲ್ಲಿ ನಿಂತು ನುಡಿಸಿದ್ದಾನೆ. ಒಂದು ದನಿ ಪೂರ್ತಿ ತೆರೆದುಕೊಂಡರೆ ಕೋಣೆಯಲ್ಲಿ ಏನಾಗುತ್ತದೆ ಅಂತ ಹತ್ತಿರದಿಂದ ನೋಡಿದ್ದಾನೆ. ಅದು ಮನಸ್ಸಿನಲ್ಲಿ ಕೂರದೇ ಇರುತ್ತಾ? ರಾಬಿನ್ಸನ್ ಬಗ್ಗೆ ಬರೆಯುವವರು ಡೇಟಾಂಟ್ ಅನ್ನು ಒಂದೇ ಸಾಲಿನಲ್ಲಿ ಮುಗಿಸುತ್ತಾರೆ, 'ಮೊದಲು ಒಂದು ಥ್ರ್ಯಾಶ್ ಬ್ಯಾಂಡಿನಲ್ಲಿ ಗಿಟಾರ್ ನುಡಿಸುತ್ತಿದ್ದ' ಅಂತ. ನನಗದು ಅನ್ಯಾಯ ಅನಿಸುತ್ತದೆ. ಡಾನ್ ಹೆಸರು ಅಲ್ಲಿ ಬರಲೇಬೇಕು.

ಬ್ಯಾಂಡ್ ಒಡೆದ ಮೇಲೆ ಡಾನ್ ಸುಮ್ನೆ ಕೂರಲಿಲ್ಲ. ಮೈಕಲ್ ಕಾರ್ಲಿನೋ ಅನ್ನೋ ಗಿಟಾರ್ ವಾದಕನ ಜೊತೆ ಫಿಯರ್ ಆಫ್ ಗಾಡ್ ಕಟ್ಟಿದಳು. 1991ರಲ್ಲಿ 'ವಿದಿನ್ ದ ವೇಲ್' ಬಂತು, ಈ ಸಲ ವಾರ್ನರ್ ಬ್ರದರ್ಸ್‌ನಂಥ ದೊಡ್ಡ ಕಂಪನಿಯಿಂದ. ಇದು ಪೂರ್ತಿ ಬೇರೆ ಲೋಕ. ವೇಗ ಇಳಿದಿದೆ, ರಾಗ ಹೆಚ್ಚಾಗಿದೆ. ಡಾನ್‌ಳ ಹಲವು ದನಿಗಳು ಒಂದರ ಮೇಲೊಂದು ಬರುತ್ತವೆ. ಒಂದು ಪಿಸುಗುಡುತ್ತದೆ, ಒಂದು ಹಾಡುತ್ತದೆ, ಒಂದು ಕಿರುಚುತ್ತದೆ. ಒಬ್ಬಳೇ ತನ್ನ ಜೊತೆ ತಾನೇ ವಾದ ಮಾಡಿದ ಹಾಗೆ. 'ರೆಡ್ ಟು ಗ್ರೇ' ಕೇಳಿ, 'ಎಮಿಲಿ' ಕೇಳಿ. ನಿಜ ಹೇಳಬೇಕಂದ್ರೆ ಆಲ್ಬಮ್ ಆಗಿ ಇದು ಮೊದಲನೆಯದಕ್ಕಿಂತ ದೊಡ್ಡದು. ಆದರೆ ಬಂದ ಹೊತ್ತು ಕೆಟ್ಟದು. ಅದೇ ವರ್ಷ ನಿರ್ವಾಣಾದ 'ನೆವರ್‌ಮೈಂಡ್' ಬಂತು. ದೊಡ್ಡ ಕಂಪನಿಗಳ ಕಣ್ಣೆಲ್ಲಾ ಆ ಬಗೆಯ ರಾಕ್ ಬೆಳೆದ ಸಿಯಾಟಲ್ ಊರಿನ ಕಡೆ ತಿರುಗಿತು. ಥ್ರ್ಯಾಶ್ ಹಿನ್ನೆಲೆಯಿಂದ ಬಂದ, ಯಾವ ಡಬ್ಬಿಗೂ ಸರಿಹೊಂದದ ಬ್ಯಾಂಡುಗಳಿಗೆ ಕಷ್ಟಕಾಲ ಶುರುವಾಯಿತು. 1994ರಲ್ಲಿ ಸಣ್ಣ ಕಂಪನಿಯೊಂದರಿಂದ 'ಟಾಕ್ಸಿಕ್ ವೂಡೂ' ಬಂತು. ಅಷ್ಟರಲ್ಲಿ ಕಾರ್ಲಿನೋ ಇರಲಿಲ್ಲ.

ಡಾನ್ ಕ್ರಾಸ್ಬಿ 1996ರ ಡಿಸೆಂಬರ್‌ನಲ್ಲಿ ತೀರಿಕೊಂಡಳು. ಲಿವರ್ ಕೈಕೊಟ್ಟಿತ್ತು. ವಯಸ್ಸು 33.

ಅದೇ ವರ್ಷದ ಶುರುವಿನಲ್ಲಿ 'ರೂಟ್ಸ್' ಬಂದಿತ್ತು. ಜೊತೆಗೆ ನುಡಿಸಿದ ಹುಡುಗನ ಹೆಸರು ಎಲ್ಲ ಕಡೆ ಓಡಾಡುತ್ತಿತ್ತು. ಈ ಎರಡು ಸಂಗತಿಯನ್ನು ಅಕ್ಕಪಕ್ಕ ಇಟ್ಟು ನೋಡಿದರೆ ನನಗೆ ಹೊಟ್ಟೆ ಉರಿಯುತ್ತದೆ. ಯಾರ ತಪ್ಪೂ ಅಲ್ಲ, ಆದರೂ ಉರಿಯುತ್ತದೆ. ನಾಲ್ಕು ವರ್ಷ ಕಳೆದು 2000ದಲ್ಲಿ ಸ್ವೀಡನ್ನಿನ ಆರ್ಚ್ ಎನಿಮಿ ಬ್ಯಾಂಡಿಗೆ ಏಂಜೆಲಾ ಗಾಸ್ಸೊ ಸೇರಿದಳು. ಹೆಣ್ಣೊಬ್ಬಳು ಹೀಗೂ ಗರ್ಜಿಸಬಹುದಾ ಅಂತ ಎಲ್ಲರೂ ಬೆರಗಾದರು. ಆ ಬೆರಗು ಏಂಜೆಲಾಗೆ ಸಲ್ಲಬೇಕಾದದ್ದೇ. ಆದರೆ ಹೆಣ್ಣಿನ ಒರಟು ದನಿ ಅಂದು ಮೊದಲ ಸಲ ಹುಟ್ಟಿದ್ದೇನೂ ಅಲ್ಲ. ಡಾನ್ ಇದ್ದಿದ್ದರೆ ಆಗಿನ್ನೂ ನಲವತ್ತೂ ಆಗುತ್ತಿರಲಿಲ್ಲ.

ಹಳೆಯ ಸದಸ್ಯರು ಮತ್ತೆ ಸೇರಿ 2010ರಲ್ಲಿ ಡೇಟಾಂಟ್ ಹೆಸರಿನಲ್ಲೇ 'ಡಿಕ್ಲೈನ್' ಅನ್ನೋ ಆಲ್ಬಮ್ ತಂದರು, ಬೇರೆ ಗಾಯಕಿಯ ಜೊತೆ. ಅದು ಪ್ರಾಮಾಣಿಕ ಕೆಲಸ. ನಾನು ಕಡಿಮೆ ಕೇಳುತ್ತೇನೆ.

ಕೊನೆಯಲ್ಲಿ ಒಬ್ಬ ಹುಡುಗಿ ಕೇಳಿದಳು, ಕಾಲೇಜಿನಲ್ಲಿ ಬ್ಯಾಂಡ್ ಕಟ್ಟಿಕೊಂಡಿರುವವಳಂತೆ: 'ಎಲ್ಲಿಂದ ಶುರುಮಾಡಲಿ?' ಅವಳಿಗೆ ಹೇಳಿದ್ದನ್ನೇ ಇಲ್ಲೂ ಬರೆಯುತ್ತೇನೆ. ಮೊದಲು 'ಲೂಸರ್ಸ್' ಕೇಳು, ಅದು ಆಲ್ಬಮ್‌ನ ಮೊದಲ ಹಾಡು, ಬಾಗಿಲು ಒದ್ದು ಒಳಗೆ ಬರುತ್ತದೆ. ಆಮೇಲೆ 'ಬ್ಲಡ್ ಐ ಬ್ಲೀಡ್'. ಇಷ್ಟವಾದರೆ ಪೂರ್ತಿ ಆಲ್ಬಮ್ ಒಂದೇ ಉಸಿರಿಗೆ, ನಡುವೆ ಫೋನ್ ನೋಡದೆ. ಸಾಲುಗಳ ಅರ್ಥದ ಹಿಂದೆ ಮೊದಲ ಸಲವೇ ಬೀಳಬೇಡ, ಉಸಿರು ಎಲ್ಲೆಲ್ಲಿ ತಗೊಳ್ಳುತ್ತಾಳೆ ಅಂತ ಗಮನಿಸು, ಹಾಡುವವಳಿಗೆ ಅದೇ ಪಾಠ. ಒಂದೆರಡು ದಿನ ಬಿಟ್ಟು 'ವಿದಿನ್ ದ ವೇಲ್'. ಆಮೇಲೆ ಬೇಕಾದರೆ ಕಾರ್ನ್‌ನ ಮೊದಲ ಆಲ್ಬಮ್ ಹಾಕಿಕೊಂಡು, ನಾನು ಹೇಳಿದ ಊಹೆ ಸರಿಯಾ ತಪ್ಪಾ ನೀನೇ ಹೇಳು. ಸಿಕ್ಕಾಗ ಈ ಬಗ್ಗೆ ಜಗಳ ಆಡೋಣ.